ಕುಪ್ಪಳಿಯ ಮನೆಯಿಂದ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಳೆಗಾಲವೆಂದರೆ ಬಯಲುಸೀಮೆಯವರು ಊಹಿಸಿಕೊಳ್ಳುವಂಥ ಮಳೆಗಾಲವಲ್ಲ. ಜೂನ್ ತಿಂಗಳಲ್ಲಿ ಹಿಡಿದ ಜಡಿಮಳೆ ದಿನಗಟ್ಟಲೆ ಬಿಡುವುದಿಲ್ಲ. ಹಳ್ಳಗಳು ತುಂಬಿ ಹರಿಯುತ್ತವೆ. ಬೇಸಗೆಯಲ್ಲಿ ಮಕ್ಕಳು ಕುಣಿದಾಡುತ್ತ ದಾಟುತ್ತಿದ್ದ ತೊರೆಯ ಮೇಲೆ ಎರಡು ಅಡಕೆ ಮರಗಳನ್ನು ಉರುಳಿಸಿ ಕಟ್ಟಿದ ಸಂಕವೊಂದೇ ದಾರಿಯಾಗುತ್ತದೆ. ಊರೆಂದರೆ ಅಲ್ಲಿ ಸಾಲುಮನೆಗಳ ಬೀದಿಯಲ್ಲ. ಒಂದು ಗುಡ್ಡದ ಬುಡಕ್ಕೆ ಒಂದು ಮನೆ, ಇನ್ನೊಂದು ಮನೆ ಕಾಣಬೇಕಾದರೆ ಮತ್ತೊಂದು ಗುಡ್ಡ ಏರಿ ಇಳಿಯಬೇಕು. ಇಂಥ ಕಡೆ ಒಂದು ಮಗು ಶಾಲೆಗೆ ಹೋಗಬೇಕಾದರೆ ಅದು ಆ ಮಗುವೊಂದರ ಇಷ್ಟದಿಂದ ಆಗುವ ಕೆಲಸವಲ್ಲ. ಸಂಕ ದಾಟಿಸಲು ಯಾರಾದರೂ ಜೊತೆಗೆ ಬರಬೇಕು. ಸಂಜೆ ಮಗು ಹಿಂದಿರುಗುವ ಹೊತ್ತಿಗೆ ಯಾರಾದರೂ ಆಚೆ ದಡದಲ್ಲಿ ಕಾದಿರಬೇಕು. ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನು ಹಾಜರಿ ಪುಸ್ತಕವನ್ನು ನೋಡಿಯೇ ಯಾವ ಹಳ್ಳದಲ್ಲಿ ನೀರು ಏರಿದೆ, ಯಾರ ತೋಟದಲ್ಲಿ ಕೊನೆಕೊಯ್ಲು ಹತ್ತಿದೆ ಎಂಬುದನ್ನು ಹೇಳಬಲ್ಲವನಾಗಿದ್ದೆ.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಇದಕ್ಕಿಂತಲೂ ದಟ್ಟವಾದ ಕಾಡಿನ ನಡುವೆ, ಇದಕ್ಕಿಂತಲೂ ದುರ್ಗಮವಾದ ದಾರಿಯಲ್ಲಿ ಶಾಲೆಯನ್ನು ಅರಸಿ ಹೊರಟ ಬಾಲಕನೊಬ್ಬನ ಕಥೆ ಇದು. ಅವನ ಹೆಸರು ಪುಟ್ಟಪ್ಪ. ಮುಂದೆ ಕನ್ನಡ ನಾಡು ಅವರನ್ನು ಕುವೆಂಪು ಎಂದು ಕರೆಯಿತು.

ಪುಟ್ಟಪ್ಪನವರು ಹುಟ್ಟಿದ್ದು 1904ನೆಯ ಇಸವಿ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ಅವರ ತಾಯಿಯ ತವರು. ಬೆಳೆದದ್ದು ತಂದೆಯ ಮನೆಯಾದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮ. ಇಬ್ಬರು ತಂಗಿಯರು. ಕುಪ್ಪಳಿಯದು ಕೂಡುಕುಟುಂಬ. ಎತ್ತರವಾದ ಉಪ್ಪರಿಗೆಯ ದೊಡ್ಡ ಮನೆ, ಎದುರಿಗೆ ಅಂಗಳ, ಅದರಾಚೆ ಅಡಕೆತೋಟ, ಗದ್ದೆ, ಅದರ ಸುತ್ತ ಕಾಡು. ಮನೆಯ ಹಿಂದಿನ ಗುಡ್ಡವನ್ನೇರಿದರೆ ಬಂಡೆಗಳ ಹಾಸು. ಅಲ್ಲಿ ನಿಂತರೆ ಪಶ್ಚಿಮದ ಬೆಟ್ಟಗಳು ಅಲೆ ಅಲೆಯಾಗಿ ಕಾಣುತ್ತವೆ. ಆ ಬಂಡೆಗಳ ತಾಣವೇ ಮುಂದೆ ಕವಿಶೈಲವೆಂದು ಹೆಸರಾಯಿತು.

ಅಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಶಾಲೆಗೆ. 1913ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶ ಮಾಡಿಕೊಡುವ ಕಾಯಿದೆಯನ್ನು ತಂದಿತು. ಆಗ ಪುಟ್ಟಪ್ಪನಿಗೆ ಎಂಟು ವರ್ಷ. ಆದರೆ ಕಾಯಿದೆ ಬೆಂಗಳೂರು ಮೈಸೂರುಗಳಿಂದ ಹೊರಟು ಮಲೆನಾಡಿನ ಒಂಟಿಮನೆಗಳನ್ನು ಮುಟ್ಟುವುದಕ್ಕೆ ಬಹುಕಾಲ ಬೇಕಾಗಿತ್ತು. ಒಂದೊಂದು ಮನೆಗೂ ಒಂದೊಂದು ಶಾಲೆಯನ್ನು ತೆರೆಯುವುದು ಯಾವ ಸರಕಾರಕ್ಕೂ ಸಾಧ್ಯವಿಲ್ಲದ ಮಾತು. ಆಗ ಮಲೆನಾಡಿನ ಅನುಕೂಲಸ್ಥರು ತಮ್ಮದೇ ಆದ ಒಂದು ದಾರಿಯನ್ನು ಕಂಡುಕೊಂಡಿದ್ದರು. ಘಟ್ಟದ ಕೆಳಗಿನಿಂದ, ದಕ್ಷಿಣ ಕನ್ನಡದ ಕಡೆಯಿಂದ, ಓದುಬರಹ ಬಲ್ಲವರೊಬ್ಬರನ್ನು ಕರೆಸಿ, ಅವರ ಊಟ ವಸತಿಗಳನ್ನು ತಾವೇ ನೋಡಿಕೊಂಡು, ಮನೆಯ ಮಕ್ಕಳಿಗೆ ಅಕ್ಷರ ಕಲಿಸುವ ಏರ್ಪಾಡು ಮಾಡುತ್ತಿದ್ದರು. ಜನ ಅಂಥವರನ್ನು ಐಗಳೆಂದು ಕರೆಯುತ್ತಿದ್ದರು. ಪುಟ್ಟಪ್ಪನ ವಿದ್ಯಾಭ್ಯಾಸ ಆರಂಭವಾದದ್ದೂ ಹೀಗೆಯೇ. ಮಗು ಶಾಲೆಗೆ ಹೋಗಲಾರದೆ ಹೋದಾಗ ಮನೆಯೇ ಶಾಲೆಯನ್ನು ಹೊಸ್ತಿಲೊಳಗೆ ಕರೆತಂದಿತು.

ಈ ಮನೆಶಾಲೆಯ ಗುಣದೋಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ಗುರುಗಳು ಶಿಷ್ಯನನ್ನು ಪಾಠದ ಹೊತ್ತಿನಲ್ಲಿ ಮಾತ್ರ ಕಾಣುತ್ತಿರಲಿಲ್ಲ. ಅವನು ಉಣ್ಣುವುದನ್ನು, ಆಡುವುದನ್ನು, ಜ್ವರ ಬಂದು ಮಲಗಿದ್ದನ್ನು ಕಾಣುತ್ತಿದ್ದರು. ಮನೆಯವರೂ ಅಷ್ಟೆ. ಮಗ್ಗಿ ಹೇಳುವ ದನಿ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಹುಡುಗ ಎಲ್ಲಿ ತಡವರಿಸಿದ, ಎಲ್ಲಿ ಗಟ್ಟಿಯಾಗಿ ಹೇಳಿದ ಎಂಬುದು ಓದು ಬಾರದ ತಾಯಂದಿರಿಗೂ ತಿಳಿಯುತ್ತಿತ್ತು. ಇಂದು ನಾವು ವರ್ಷಕ್ಕೆರಡು ಸಲ ಪೋಷಕರ ಸಭೆ ಕರೆದು ತಿಳಿಸಲು ಹೆಣಗುವುದನ್ನು ಆ ಮನೆಗಳಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಇದು ಗುಣ. ದೋಷವೂ ಸಣ್ಣದಲ್ಲ. ಆ ಶಾಲೆ ಮನೆಯ ಮಕ್ಕಳಿಗೆ, ಹೆಚ್ಚೆಂದರೆ ನೆಂಟರಿಷ್ಟರ ಮಕ್ಕಳಿಗೆ. ಅದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಆಳುಗಳ ಮಕ್ಕಳಿಗೆ, ಗೇಣಿ ಕೊಡುತ್ತಿದ್ದ ಒಕ್ಕಲುಗಳ ಮಕ್ಕಳಿಗೆ ಇಂಥ ಏರ್ಪಾಡು ಎಲ್ಲಿಂದ ಬರಬೇಕು? ಹೆಣ್ಣುಮಕ್ಕಳಿಗೂ ಅಕ್ಷರದ ದಾರಿ ಹೆಚ್ಚು ದೂರ ಸಾಗುತ್ತಿರಲಿಲ್ಲ. ಈ ಅನ್ಯಾಯವನ್ನು ಕುವೆಂಪು ಮರೆಯಲಿಲ್ಲವೆಂಬುದಕ್ಕೆ ಅವರ ಬರವಣಿಗೆಯೇ ಸಾಕ್ಷಿ. 1936ರಲ್ಲಿ ಹೊರಬಂದ ‘ಕಾನೂರು ಹೆಗ್ಗಡಿತಿ’ಯಲ್ಲಿಯೂ 1967ರಲ್ಲಿ ಹೊರಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿಯೂ ದೊಡ್ಡಮನೆಗಳ ಒಳಗಿನ ಬಾಳು ಎಷ್ಟು ಸ್ಪಷ್ಟವಾಗಿದೆಯೋ ಆ ಮನೆಗಳ ಜಗಲಿಯಿಂದ ದೂರ ನಿಲ್ಲಬೇಕಾದವರ ಬಾಳೂ ಅಷ್ಟೇ ಸ್ಪಷ್ಟವಾಗಿದೆ.

ಕುಪ್ಪಳಿಯಲ್ಲಿ ಹುಡುಗ ಕಲಿತದ್ದು ಐಗಳ ಪಾಠವೊಂದನ್ನೇ ಅಲ್ಲ. ಮಳೆಗಾಲದ ಇರುಳುಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಹಳೆಯ ಕಾವ್ಯಗಳನ್ನು ರಾಗವಾಗಿ ಓದುವುದು ವಾಡಿಕೆ. ತಾಳಮದ್ದಳೆ ನಡೆಯುತ್ತಿತ್ತು, ಬೇಸಗೆಯಲ್ಲಿ ಯಕ್ಷಗಾನದ ಮೇಳಗಳು ಬರುತ್ತಿದ್ದವು. ಹಿರಿಯರ ಜೊತೆ ಕಾಡು ಸುತ್ತುವುದು, ಹಕ್ಕಿಯ ಕೂಗನ್ನು ಗುರುತಿಸುವುದು, ಮರದ ಹೆಸರು ತಿಳಿಯುವುದು, ಇವೆಲ್ಲ ಯಾವ ವೇಳಾಪಟ್ಟಿಯೂ ಇಲ್ಲದೆ ನಡೆದ ಪಾಠಗಳು. ಮುಂದೆ ಮೈಸೂರಿನ ಕಾಲೇಜಿನಲ್ಲಿ ಆಂಗ್ಲ ಕವಿಗಳ ನಿಸರ್ಗ ಕವಿತೆಗಳನ್ನು ಓದಿದಾಗ ಅವು ಪುಟ್ಟಪ್ಪನವರಿಗೆ ಪರಕೀಯವೆನಿಸಲಿಲ್ಲವಾದರೆ ಅದಕ್ಕೆ ಕಾರಣ ಕುಪ್ಪಳಿಯ ಕಾಡು.

ಮನೆಶಾಲೆಯ ಪಾಠ ಮುಗಿದ ಮೇಲೆ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಕುಪ್ಪಳಿಗೂ ತೀರ್ಥಹಳ್ಳಿಗೂ ನಡುವೆ ಹತ್ತು ಮೈಲಿಯಷ್ಟು ದೂರ. ದಿನವೂ ಹೋಗಿಬರುವ ಮಾತೇ ಇರಲಿಲ್ಲ. ತುಂಗೆಯ ದಡದ ಆ ಪೇಟೆಯಲ್ಲಿ ಹಳ್ಳಿಯ ಹುಡುಗರು ಉಳಿದುಕೊಂಡೇ ಓದಬೇಕು. ಅಕ್ಕಿ, ಕಾಯಿ, ಉಪ್ಪಿನಕಾಯಿ ಮನೆಯಿಂದ ಬರಬೇಕು. ಗದ್ದೆ ತೋಟಗಳ ಕೆಲಸಕ್ಕೆ ಒದಗಬೇಕಾದ ಹುಡುಗ ಪೇಟೆಯಲ್ಲಿ ಕುಳಿತು ಉಣ್ಣುತ್ತಾನೆ, ಓದಿ ಯಾವ ರಾಜ್ಯ ಆಳಬೇಕಾಗಿದೆ ಎಂಬ ಗೊಣಗಾಟ ಆ ಕಾಲದ ಮಲೆನಾಡಿನ ಮನೆಗಳಲ್ಲಿ ಅಪರೂಪವಾಗಿರಲಿಲ್ಲ. ಹಾಗೆ ಗೊಣಗಿದ ಮನೆಗಳ ಮಕ್ಕಳು ಒಂದೆರಡು ತರಗತಿ ದಾಟುವಷ್ಟರಲ್ಲಿ ಹಿಂದಿರುಗಿ ನೇಗಿಲು ಹಿಡಿದರು. ನೇಗಿಲು ಹಿಡಿಯುವುದು ಕೀಳಲ್ಲ. ಆದರೆ ಆಯ್ಕೆ ಅವರದಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಪುಟ್ಟಪ್ಪನ ಓದೂ ಹಾಗೆಯೇ ನಿಂತುಹೋಗಬಹುದಾದ ಘಳಿಗೆಯೊಂದು ಬಂತು. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ವೆಂಕಟಪ್ಪಗೌಡರು ತೀರಿಕೊಂಡರು. ಅಪ್ಪಯ್ಯನಿಲ್ಲದ ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು, ಉಳಿದ ಗಂಡುಮಗ ತಾನೊಬ್ಬ. ಆ ಕಾಲದ ಲೆಕ್ಕಾಚಾರದಂತೆ ಹನ್ನೆರಡು ವರ್ಷದ ಗಂಡುಮಗ ಶಾಲೆ ಬಿಟ್ಟು ಬಂದು ಮನೆಯ ಹೊಣೆಗೆ ಹೆಗಲು ಕೊಡುವುದು ಸಹಜವಾಗಿತ್ತು. ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ಕೂಡುಕುಟುಂಬ ಹುಡುಗನ ಓದನ್ನು ನಿಲ್ಲಿಸಲಿಲ್ಲ. ಒಬ್ಬನ ಕೈ ಜಾರಿದರೆ ಹಿಡಿಯಲು ಇನ್ನೊಂದು ಕೈ ಇರುವುದು ದೊಡ್ಡ ಸಂಸಾರದ ಅನುಕೂಲ. ಸೀತಮ್ಮನವರ ಮನಸ್ಸಿನಲ್ಲಿ ಆಗ ಏನು ನಡೆಯಿತೆಂಬುದನ್ನು ನಾವು ಊಹಿಸಬಹುದು ಅಷ್ಟೆ. ಗಂಡನನ್ನು ಕಳೆದುಕೊಂಡ ತಾಯಿಗೆ ಒಬ್ಬನೇ ಮಗ ಕಣ್ಣೆದುರಿಗಿರಬೇಕೆಂಬ ಆಸೆ ಇರಲಾರದೆ? ಆದರೂ ಮಗ ತೀರ್ಥಹಳ್ಳಿಗೆ ಹಿಂದಿರುಗಿದ. ಅಲ್ಲಿಯ ಓದು ಮುಗಿದಾಗ ಮನೆ ಅವನನ್ನು ಇನ್ನೂ ದೂರಕ್ಕೆ, ಮೈಸೂರಿಗೆ ಕಳುಹಿಸಿತು.

ಮೈಸೂರಿನ ಪಯಣವೆಂದರೆ ಸಾಮಾನ್ಯವಲ್ಲ. ಘಟ್ಟದ ರಸ್ತೆಯಲ್ಲಿ ಶಿವಮೊಗ್ಗದವರೆಗೆ ಬಂದು, ಅಲ್ಲಿ ರೈಲು ಹತ್ತಿ, ಬೀರೂರಿನ ಮೇಲೆ ಸುತ್ತಿ ಸಾಗಬೇಕು. ಕಾಡಿನ ಹುಡುಗ ಒಮ್ಮೆಗೇ ಅರಮನೆಯ ನಗರಕ್ಕೆ ಬಂದು ವೆಸ್ಲಿಯನ್ ಮಿಷನ್ನಿನ ಪ್ರೌಢಶಾಲೆಯನ್ನು ಸೇರಿದ. ಇಲ್ಲಿ ಮನೆಯ ಕೈ ಚಾಚಿದಷ್ಟೂ ಎಟುಕದ ದೂರ. ಪತ್ರ ಹೋಗಿ ಉತ್ತರ ಬರಲು ದಿನಗಳು ಬೇಕು. ಆ ದಿನಗಳಲ್ಲಿ ಹುಡುಗನಿಗೆ ಸಂಗಾತಿಯಾದದ್ದು ಗ್ರಂಥಾಲಯದ ಪುಸ್ತಕಗಳು. ಆಂಗ್ಲ ಸಾಹಿತ್ಯವನ್ನು ಹಸಿದವನಂತೆ ಓದಿದ. ಓದಿದಂತೆಯೇ ಆಂಗ್ಲ ಭಾಷೆಯಲ್ಲಿ ಪದ್ಯ ಕಟ್ಟತೊಡಗಿದ. 1922ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ಅಚ್ಚಾಯಿತು.

ಇಲ್ಲಿ ಒಂದು ಮಾತನ್ನು ಯೋಚಿಸಬೇಕು. ಶಾಲೆಯ ದೃಷ್ಟಿಯಿಂದ ಅದು ದೊಡ್ಡ ಗೆಲುವು. ಮಲೆನಾಡಿನ ಮೂಲೆಯಿಂದ ಬಂದ ಹುಡುಗ ಇಂಗ್ಲಿಷಿನಲ್ಲಿ ಕವಿತೆ ಬರೆದನೆಂದರೆ ಯಾವ ಉಪಾಧ್ಯಾಯರಿಗೆ ಹೆಮ್ಮೆಯಾಗುವುದಿಲ್ಲ? ಆದರೆ ಆ ಪುಸ್ತಕವನ್ನು ಕುಪ್ಪಳಿಗೆ ಒಯ್ದು ಅವ್ವನ ಕೈಯಲ್ಲಿಟ್ಟಿದ್ದರೆ ಅದರ ಒಂದು ಸಾಲೂ ಆಕೆಗೆ ತಿಳಿಯುವಂತಿರಲಿಲ್ಲ. ಹುಡುಗನನ್ನು ಶಾಲೆಗೆ ಕಳುಹಿಸಿದ್ದು ಮನೆ. ಶಾಲೆ ಅವನನ್ನು ಮೇಲಕ್ಕೆತ್ತಿದ್ದೂ ನಿಜ. ಎತ್ತುತ್ತ ಎತ್ತುತ್ತ ಮನೆಯವರ ಕಿವಿಗೆ ಕೇಳಿಸದಷ್ಟು ಎತ್ತರಕ್ಕೆ ಒಯ್ದಿತ್ತು. ಮಗ್ಗಿಯ ದನಿ ಅಡುಗೆಮನೆಗೆ ಕೇಳಿಸುತ್ತಿದ್ದ ಕಾಲ ಎಲ್ಲಿ, ಇದು ಎಲ್ಲಿ!

ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದವರಿಗೆ ದೊರೆತದ್ದು ಬೇರೆ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸರು ವಿಚಾರಿಸಿದರು. ಮಾತೃಭಾಷೆಯಲ್ಲಿ ಬರೆಯುವಂತೆ ಸೂಚಿಸಿದರು. ತರುಣನ ಮನಸ್ಸಿಗೆ ಅದು ಹಿತವಾಗಲಿಲ್ಲ. ಉತ್ಸಾಹದಿಂದ ಹೋದವನು ಖಿನ್ನನಾಗಿ ಮರಳಿದ. ಆದರೆ ಆ ಮಾತು ಒಳಗೆ ಇಳಿಯಿತು. ಕನ್ನಡದಲ್ಲಿ ಪದ್ಯ ರಚನೆ ಆರಂಭವಾಯಿತು. 1924ರಲ್ಲಿ ‘ಅಮಲನ ಕಥೆ’ ಹೊರಬಂತು. ನಮ್ಮ ಭಾಷೆಯೇ ಗೊತ್ತಿಲ್ಲದ ಪರದೇಶದ ಕವಿಯೊಬ್ಬರು ಮಲೆನಾಡಿನ ಹುಡುಗನನ್ನು ತಿರುಗಿ ಅವನ ಮನೆಯ ದಾರಿಗೆ ಹಚ್ಚಿದರು. ಇದನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನನಗೆ ವಿಸ್ಮಯವಾಗುತ್ತಿತ್ತು. ಒಳ್ಳೆಯ ಶಿಕ್ಷಕರೆಲ್ಲರೂ ಶಾಲೆಯ ಗೋಡೆಯೊಳಗೇ ಇರುವುದಿಲ್ಲ.

ಹುಡುಗನ ಕನ್ನಡ ಕವಿತೆ ಕೈಹಿಡಿಯುತ್ತಿದ್ದಂತೆ ಮನೆಯ ನಂಟು ಒಂದೊಂದೇ ಕಳಚಿತು. ಓದಿನ ದಿನಗಳಲ್ಲಿಯೇ ತಾಯಿ ಸೀತಮ್ಮನವರೂ ತೀರಿಕೊಂಡರು. ತಂದೆ ಇಲ್ಲ, ತಾಯಿ ಇಲ್ಲ. ಊರು ನೂರಾರು ಮೈಲಿ ದೂರ. ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಪುಟ್ಟಪ್ಪನವರ ಆರೋಗ್ಯವೂ ಕೆಟ್ಟಿತು. ಕೋಣೆಯೊಂದರಲ್ಲಿ ಒಂಟಿಯಾಗಿ ನರಳುವ ವಿದ್ಯಾರ್ಥಿಯ ಸ್ಥಿತಿಯನ್ನು ಮನೆಬಿಟ್ಟು ಓದಿದವರೆಲ್ಲರೂ ಬಲ್ಲರು. ಇಲ್ಲಿಯೂ ಓದು ನಿಲ್ಲಬಹುದಾಗಿತ್ತು. ಈ ಸಲ ಊರಿನಿಂದ ಓಡಿ ಬಂದು ಹಿಡಿಯುವ ಕೈ ಹತ್ತಿರವಿರಲಿಲ್ಲ. ಮೈಸೂರಿನಲ್ಲಿ ಆಗತಾನೆ, 1925ರಲ್ಲಿ, ಶ್ರೀರಾಮಕೃಷ್ಣಾಶ್ರಮ ಆರಂಭವಾಗಿತ್ತು. ಅದರ ಹೊಣೆ ಹೊತ್ತಿದ್ದ ಸ್ವಾಮಿ ಸಿದ್ಧೇಶ್ವರಾನಂದರು ಈ ತರುಣನನ್ನು ಆಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಅಂದಿನಿಂದ ಸುಮಾರು ಹತ್ತು ವರ್ಷಗಳ ಕಾಲ ಪುಟ್ಟಪ್ಪನವರಿಗೆ ಆಶ್ರಮವೇ ಮನೆಯಾಯಿತು. ಹೊತ್ತಿಗೆ ಊಟ, ಓದಿಗೆ ಏಕಾಂತ, ತಪ್ಪಿದರೆ ತಿದ್ದುವ ಹಿರಿಯರು: ವಿದ್ಯಾರ್ಥಿಗೆ ಮನೆ ಕೊಡಬೇಕಾದದ್ದನ್ನೆಲ್ಲ ಅದು ಕೊಟ್ಟಿತು. ಮುಂದೆ ಸಿದ್ಧೇಶ್ವರಾನಂದರು ವೇದಾಂತ ಪ್ರಸಾರಕ್ಕಾಗಿ ಫ್ರಾನ್ಸ್ ದೇಶಕ್ಕೆ ತೆರಳಿದರು.

ಕಾಲೇಜಿನಲ್ಲಿಯೂ ಗುರುಗಳ ಭಾಗ್ಯ ದೊಡ್ಡದಾಗಿತ್ತು. 1927ರಲ್ಲಿ ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂ. ಎ. ತರಗತಿ ಹೊಸದಾಗಿ ಪ್ರಾರಂಭವಾಯಿತು. ಪುಟ್ಟಪ್ಪನವರು ಆ ಮೊದಲ ತಂಡದ ವಿದ್ಯಾರ್ಥಿಗಳಲ್ಲೊಬ್ಬರು. ಮುಂದೆ ಹಿರಿಯ ವಿದ್ವಾಂಸರೆನಿಸಿದ ಡಿ. ಎಲ್. ನರಸಿಂಹಾಚಾರ್ಯರು ಅವರ ಸಹಪಾಠಿ. ಬಿ. ಎಂ. ಶ್ರೀಕಂಠಯ್ಯ, ಎ. ಆರ್. ಕೃಷ್ಣಶಾಸ್ತ್ರಿ, ಟಿ. ಎಸ್. ವೆಂಕಣ್ಣಯ್ಯ ಮುಂತಾದವರು ಕನ್ನಡವನ್ನು ಕಟ್ಟಿ ಬೆಳೆಸುತ್ತಿದ್ದ ಕಾಲವದು. ಇವರಲ್ಲಿ ವೆಂಕಣ್ಣಯ್ಯನವರಿಗೂ ಪುಟ್ಟಪ್ಪನವರಿಗೂ ಇದ್ದದ್ದು ತರಗತಿಯ ನಂಟಷ್ಟೇ ಅಲ್ಲ. ವೆಂಕಣ್ಣಯ್ಯನವರು ಶಿಷ್ಯರ ಪಾಲಿಗೆ ಮನೆಯ ಹಿರಿಯರಂತಿದ್ದವರು. ಅವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಮೇಲೆ, 1949ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯ ಪ್ರಕಟವಾದಾಗ ಕವಿ ಅದನ್ನು ಅರ್ಪಿಸಿದ್ದು ಯಾವ ಅರಸನಿಗೂ ಅಲ್ಲ, ತೀರಿಹೋದ ತನ್ನ ಮೇಷ್ಟರಿಗೆ.

1929ರಲ್ಲಿ ಎಂ. ಎ. ಮುಗಿಸಿದ ಪುಟ್ಟಪ್ಪನವರು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಮಕ್ಕಳಿಗಾಗಿ ಅವರು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಿಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿರಬಹುದು. ಬ್ರೌನಿಂಗ್ ಕವಿಯ ಕಥನಕವನವನ್ನು ಅನುಸರಿಸಿ ರಚಿಸಿದ್ದು ಅದು. ಇಲಿಗಳು ಹೋದ ಭಾಗವನ್ನು ಎಲ್ಲರೂ ನಕ್ಕು ನೆನೆಯುತ್ತಾರೆ. ಆದರೆ ಊರಿನ ಹಿರಿಯರು ಕೊಟ್ಟ ಮಾತಿಗೆ ತಪ್ಪಿದ್ದರಿಂದ ಊರಿನ ಮಕ್ಕಳು ಊರಿಗೆ ಇಲ್ಲವಾದರೆಂಬುದು ಕಥೆಯ ತಿರುಳು. ಪಾಠ ಹೇಳುವಾಗ ನಾನು ಆ ಭಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ.

1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವರ್ಗ. 1937ರಲ್ಲಿ ದೇವಂಗಿ ಮನೆತನದ ಹೇಮಾವತಿಯವರೊಡನೆ ವಿವಾಹ. 1946ರಲ್ಲಿ ಪ್ರಾಧ್ಯಾಪಕರಾಗಿ ಮರಳಿ ಮಹಾರಾಜ ಕಾಲೇಜಿಗೆ. 1955ರಲ್ಲಿ ಅದರ ಪ್ರಿನ್ಸಿಪಾಲರು. 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ಐಗಳ ಮುಂದೆ ಕುಳಿತು ಅಕ್ಷರ ತಿದ್ದಿದ ಕುಪ್ಪಳಿಯ ಹುಡುಗ, 1916ರಲ್ಲಿ ಸ್ಥಾಪನೆಯಾಗಿದ್ದ ಆ ವಿಶ್ವವಿದ್ಯಾನಿಲಯದ ಮುಖ್ಯಸ್ಥನಾದ. ಪದವಿಯೇರಿದವರು ಅನೇಕರು, ಏರಿದ ಮೇಲೆ ಏನು ಮಾಡಿದರೆಂಬುದನ್ನು ನೋಡಬೇಕು.

ಮನೆಗೂ ಶಾಲೆಗೂ ನಡುವೆ ಎದ್ದಿದ್ದ ಗೋಡೆ ಯಾವುದೆಂಬುದು ಕುವೆಂಪು ಅವರಿಗೆ ಸ್ವಂತ ಅನುಭವದಿಂದ ತಿಳಿದಿತ್ತು. ಬೋಧನೆಯ ಭಾಷೆಯೇ ಆ ಗೋಡೆ. ಕಾಲೇಜಿನ ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಹಳ್ಳಿಯಿಂದ ಬಂದ ಬುದ್ಧಿವಂತ ಹುಡುಗ ವಿಷಯ ತಿಳಿಯದೆ ಸೋಲುತ್ತಿರಲಿಲ್ಲ, ವಿಷಯವನ್ನು ಹೊತ್ತ ಭಾಷೆ ತಿಳಿಯದೆ ಸೋಲುತ್ತಿದ್ದ. ಪರೀಕ್ಷೆಗಳಲ್ಲಿ ಇಂಗ್ಲಿಷಿನ ದೆಸೆಯಿಂದ ನಪಾಸಾಗಿ ಓದು ಬಿಟ್ಟವರನ್ನು ನಮ್ಮ ತಲೆಮಾರಿನ ಪ್ರತಿಯೊಬ್ಬ ಉಪಾಧ್ಯಾಯನೂ ಬಲ್ಲ. ಅಂಥ ಹುಡುಗನಿಗೆ ಮನೆಯವರು ಏನು ಸಹಾಯ ಮಾಡಿಯಾರು? ಮಗ ಓದುತ್ತಿರುವುದು ಏನೆಂದೇ ತಿಳಿಯದ ತಂದೆ ದುಡ್ಡು ಕಳಿಸಬಲ್ಲನೇ ಹೊರತು ಧೈರ್ಯ ಕಳಿಸಲಾರ. ಪದವಿ ತರಗತಿಗಳ ಪಾಠವನ್ನೂ ಕನ್ನಡದಲ್ಲಿ ಕಲಿಯುವ ಅವಕಾಶವಿರಬೇಕು, ವಿಜ್ಞಾನವನ್ನೂ ಕನ್ನಡದಲ್ಲಿ ಹೇಳಲು ಬರುತ್ತದೆ ಎಂಬುದು ಕುವೆಂಪು ಅವರ ದೃಢವಾದ ನಿಲುವು. ಆಗದು ಎಂದವರು ಬಹಳ ಮಂದಿ. ಪಾರಿಭಾಷಿಕ ಪದಗಳೆಲ್ಲಿವೆ, ಪುಸ್ತಕಗಳೆಲ್ಲಿವೆ ಎಂಬುದು ಅವರ ಪ್ರಶ್ನೆ. ನೀರಿಗಿಳಿಯದೆ ಈಜು ಬರಲಿ ಎಂದು ಕಾಯುವುದು ಸಾಧ್ಯವಿರಲಿಲ್ಲ. ಪುಸ್ತಕಗಳನ್ನು ಬರೆಯಿಸುವ ಕೆಲಸಕ್ಕೆ ವಿಶ್ವವಿದ್ಯಾನಿಲಯ ಕೈಹಾಕಿತು. ಕಾಲೇಜಿನ ಮೆಟ್ಟಿಲು ಹತ್ತದ ಜನರಿಗೂ ವಿದ್ಯೆಯ ಸಾರ ಮುಟ್ಟಲೆಂದು ಹಳ್ಳಿ ಪೇಟೆಗಳಲ್ಲಿ ಕನ್ನಡದಲ್ಲಿ ಏರ್ಪಡುತ್ತಿದ್ದ ಪ್ರಚಾರೋಪನ್ಯಾಸಗಳಿಗೂ ಅವುಗಳ ಸಣ್ಣ ಪುಸ್ತಕಗಳಿಗೂ ಅವರ ಬೆಂಬಲವಿತ್ತು. ಮಗ ಓದುವ ವಿಷಯವನ್ನು ತಂದೆಯೂ ಜಗಲಿಯಲ್ಲಿ ಕುಳಿತು ನಾಲ್ಕಾಣೆಯ ಪುಸ್ತಕದಲ್ಲಿ ಓದಿ ತಿಳಿಯಬಹುದಾದರೆ ಅದೇನು ಸಣ್ಣ ಸಂಗತಿಯೆ?

ಮೈಸೂರಿನ ಹೊರವಲಯದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕಾಗಿ ವಿಶಾಲವಾದ ಕೇಂದ್ರವೊಂದನ್ನು ಕಟ್ಟಬೇಕೆಂಬ ಅವರ ಕನಸು 1960ರಲ್ಲಿ ರೂಪ ತಾಳಿತು. ಅದಕ್ಕೆ ಮಾನಸ ಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಅದೇ ವರ್ಷ ಅವರು ನಿವೃತ್ತರಾದರು. ಕನ್ನಡ ಮಾಧ್ಯಮದ ವಿಷಯದಲ್ಲಿ ಅವರು ಬಯಸಿದ್ದೆಲ್ಲ ಆಯಿತೆಂದು ಹೇಳುವಂತಿಲ್ಲ. ಕಲಾ ವಿಷಯಗಳಲ್ಲಿ ಕನ್ನಡ ಕಾಲೇಜುಗಳನ್ನು ಹೊಕ್ಕಿತು. ವಿಜ್ಞಾನದಲ್ಲಿ ಹೆಚ್ಚು ದೂರ ಸಾಗಲಿಲ್ಲ. ಈ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲಿಯೇ ಭಿನ್ನಾಭಿಪ್ರಾಯಗಳಿದ್ದವು, ಇಂದಿಗೂ ಇವೆ.

ಮನೆಯಲ್ಲಿ ತಂದೆಯಾಗಿ ಕುವೆಂಪು ಹೇಗಿದ್ದರು? ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ ಅವರ ಮನೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮಕ್ಕಳು ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದರು. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ‘ಅಣ್ಣನ ನೆನಪು’ ಎಂಬ ಪುಸ್ತಕದಲ್ಲಿ ಆ ಮನೆಯ ಬಾಳನ್ನು ಚಿತ್ರಿಸಿದ್ದಾರೆ. ತೇಜಸ್ವಿಯವರದು ಒಂದು ಅಚ್ಚಿಗೆ ಹೊಂದುವ ಸ್ವಭಾವವಲ್ಲ. ಪಠ್ಯಪುಸ್ತಕಕ್ಕಿಂತ ಕಾಡು, ಸಂಗೀತ, ಛಾಯಾಗ್ರಹಣ ಅವರನ್ನು ಸೆಳೆದವು. ವಿಶ್ವವಿದ್ಯಾನಿಲಯದ ಕುಲಪತಿಯ ಮಗ, ಎಂ. ಎ. ಮುಗಿಸಿದವನು, ಯಾವ ಕಾಲೇಜಿನಲ್ಲಾದರೂ ಅಧ್ಯಾಪಕನಾಗಬಹುದಿತ್ತು. ತೇಜಸ್ವಿಯವರು ಮೂಡಿಗೆರೆಯ ಕಡೆ ಹೋಗಿ ಕಾಫಿ ತೋಟ ಮಾಡಿದರು. ತಂದೆ ಅಡ್ಡ ಬರಲಿಲ್ಲ. ಕುಪ್ಪಳಿಯ ಹಿರಿಯರು ಗದ್ದೆಯ ಕೆಲಸಕ್ಕೆ ಒದಗಬೇಕಾದ ಹುಡುಗನನ್ನು ಓದಲು ಬಿಟ್ಟಿದ್ದರು. ಆ ಹುಡುಗ ದೊಡ್ಡವನಾಗಿ, ಓದಿದ ತನ್ನ ಮಗನನ್ನು ತೋಟಕ್ಕೆ ಹೋಗಲು ಬಿಟ್ಟ. ಎರಡಕ್ಕೂ ಬೇಕಾದ ಧೈರ್ಯ ಒಂದೇ ಬಗೆಯದೆಂದು ನನಗೆ ತೋರುತ್ತದೆ. ತೋಟದ ನಡುವೆ ಕುಳಿತು ತೇಜಸ್ವಿಯವರು ಬರೆದದ್ದನ್ನು ಕನ್ನಡ ನಾಡೆಲ್ಲ ಓದಿತು.

ಹುಟ್ಟುವಾಗ ಪ್ರತಿಯೊಂದು ಮಗುವೂ ವಿಶ್ವಮಾನವನೇ, ಆಮೇಲೆ ಜಾತಿ ಮತಗಳ ಬೇಲಿಯೊಳಗೆ ಅವನನ್ನು ಕೂಡಿಹಾಕುವವರು ನಾವೇ ಎಂಬುದು ಕುವೆಂಪು ಅವರು ಬಾಳಿನ ಕೊನೆಯ ಭಾಗದಲ್ಲಿ ಮತ್ತೆ ಮತ್ತೆ ಹೇಳಿದ ವಿಚಾರ. ಹಾಗಾಗಿ ಮನೆಯ ಮಾತಿಗೆಲ್ಲ ಶಾಲೆ ತಲೆಯಾಡಿಸಬೇಕೆಂದಾಗಲಿ, ಶಾಲೆ ಹೇಳಿದ್ದೆಲ್ಲ ಮನೆಗೆ ವೇದವಾಕ್ಯವಾಗಬೇಕೆಂದಾಗಲಿ ಅವರು ನಂಬಿದವರಲ್ಲ. ಮನೆ ಕಟ್ಟಿದ ಬೇಲಿಯನ್ನು ಶಾಲೆ ಬಿಚ್ಚಬೇಕಾಗುತ್ತದೆ. ಕೆಲವು ಸಲ ಶಾಲೆ ಕಟ್ಟಿದ್ದನ್ನು ಮನೆ. 1944ರಷ್ಟು ಹಿಂದೆಯೇ ಅವರು ಬರೆದ ‘ಶೂದ್ರ ತಪಸ್ವಿ’ ನಾಟಕ, ವಿದ್ಯೆಗೂ ತಪಸ್ಸಿಗೂ ಹುಟ್ಟಿನ ಹಕ್ಕು ಯಾರಿಗೂ ಇಲ್ಲವೆಂದು ಸಾರಿ ಆ ಕಾಲದ ವಿದ್ವಾಂಸರ ನಡುವೆ ದೊಡ್ಡ ಚರ್ಚೆಯನ್ನು ಎಬ್ಬಿಸಿತ್ತು.

ಗೌರವಗಳು ಒಂದರ ಹಿಂದೊಂದು ಬಂದವು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1964ರಲ್ಲಿ ರಾಷ್ಟ್ರಕವಿ ಎಂಬ ಗೌರವ, 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ. ಜ್ಞಾನಪೀಠ ಕನ್ನಡಕ್ಕೆ ಬಂದದ್ದು ಅದೇ ಮೊದಲು. 1987ರಲ್ಲಿ ಅವರು ಬೆಳೆದ ಜಿಲ್ಲೆಯಾದ ಶಿವಮೊಗ್ಗದಲ್ಲಿಯೇ ಅವರ ಹೆಸರಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸಾಗರದ, ಹೊಸನಗರದ, ತೀರ್ಥಹಳ್ಳಿಯ ಹುಡುಗ ಹುಡುಗಿಯರಿಗೆ ತಮ್ಮ ಜಿಲ್ಲೆಯಲ್ಲಿಯೇ ಒಂದು ವಿಶ್ವವಿದ್ಯಾನಿಲಯ ದೊರೆಯಿತು.

ಕುವೆಂಪು ಅವರು 1994ನೆಯ ಇಸವಿ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಅವರ ದೇಹವನ್ನು ಕುಪ್ಪಳಿಗೆ ಒಯ್ದು ಕವಿಶೈಲದಲ್ಲಿ ಅಂತ್ಯಸಂಸ್ಕಾರ ಮಾಡಲಾಯಿತು. ಅವರು ಹುಡುಗನಾಗಿದ್ದಾಗ ಶಾಲೆಗೆಂದು ಬಿಟ್ಟು ಹೊರಟ ಮನೆಯನ್ನು ಈಗ ಹಳೆಯ ರೂಪದಲ್ಲಿಯೇ ಕಾಪಾಡಿಕೊಂಡು ಬರಲಾಗಿದೆ. ಚಳಿಗಾಲದ ಪ್ರವಾಸದ ದಿನಗಳಲ್ಲಿ ಬೇರೆ ಬೇರೆ ಜಿಲ್ಲೆಗಳ ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಚಪ್ಪಲಿಗಳನ್ನು ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗುತ್ತಾರೆ. ಅಡುಗೆಮನೆಯನ್ನು, ಬಾಣಂತಿಕೋಣೆಯನ್ನು, ಉಪ್ಪರಿಗೆಯನ್ನು ನೋಡಿ, ಮೇಷ್ಟರು ಕೂಗಿ ಕರೆಯುವವರೆಗೂ ಕಿಟಕಿಯ ಬಳಿ ನಿಂತು ಕಾಡನ್ನು ನೋಡುತ್ತಿರುತ್ತಾರೆ.